ಸೂಜಿಯ ಚೀಟಿಯೂ ಸಭೆಯ ಗಡಿಯಾರವೂ



ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಮದ್ದೂರಿನಲ್ಲಿ ನಿಂತಾಗ ನಾವು ಕಿಟಕಿಯಿಂದ ಕೈ ನೀಡಿ ವಡೆಯ ಪೊಟ್ಟಣವನ್ನು ಕೊಂಡುಕೊಳ್ಳುತ್ತೇವೆ. ಮಂಡ್ಯದಲ್ಲಿ ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಮಳವಳ್ಳಿಗೆ ರೈಲುದಾರಿಯಿಲ್ಲವಾದುದರಿಂದ ಅಲ್ಲಿಗೆ ಹೋಗತಕ್ಕವರು ಮದ್ದೂರಿನಲ್ಲಿಯೋ ಮಂಡ್ಯದಲ್ಲಿಯೋ ಇಳಿದು ಬಸ್ಸನ್ನು ಹಿಡಿಯುತ್ತಾರೆ. ಈ ಪ್ರಯಾಣದಲ್ಲೆಲ್ಲ ನಮ್ಮಿಂದ ಕೇಳುವ ಕಾಗದ ಒಂದೇ: ಟಿಕೆಟ್ಟು. ಅದನ್ನು ಕೊಂಡವನಿಗೆ ದಾರಿ ತೆರೆದಿದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ.

ಆದರೆ ಕಾಲ ಕೆಟ್ಟಾಗ ಇನ್ನೊಂದು ಕಾಗದವನ್ನೂ ಕೇಳುವುದುಂಟು. "ನೀನು ಎಲ್ಲಿಂದ ಬಂದೆ? ನಿನಗೆ ಜ್ವರವಿದೆಯೇ? ಚುಚ್ಚುಮದ್ದು ಹಾಕಿಸಿಕೊಂಡ ಚೀಟಿ ಎಲ್ಲಿ?" ಎಂದು ಪ್ರಶ್ನೆ ಬರುತ್ತದೆ. ಚೀಟಿ ಇದ್ದವನು ಮುಂದೆ ಹೋಗುತ್ತಾನೆ, ಇಲ್ಲದವನು ನಿಲ್ಲುತ್ತಾನೆ. ಈ ಚೀಟಿಯನ್ನು ಕೇಳಬೇಕೆ ಬೇಡವೆ ಎಂಬುದು ವೈದ್ಯರ ಪ್ರಶ್ನೆ. ಕೇಳಬೇಕೆಂದು ವಿಧಿಸುವ ಅಧಿಕಾರ ಯಾರದು, ವಿಧಿಸುವ ಮುನ್ನ ಎಷ್ಟು ಹೊತ್ತು ಮಾತನಾಡಬೇಕು, ಯಾರು ಮಾತನಾಡಬಹುದು, ತಿದ್ದುಪಡಿ ಸೂಚಿಸುವ ಸ್ವಾತಂತ್ರ್ಯ ಯಾರಿಗುಂಟು ಎಂಬುದು ಶಾಸನಸಭೆಯ ಪ್ರಶ್ನೆ. ಈ ಎರಡನೆಯದೇ ನಾವು ಇಂದು ವಿಚಾರಮಾಡತಕ್ಕ ವಿಷಯ. ಇದು ಒಣ ವಿಷಯವೆಂದು ಶ್ರೋತೃಗಳು ಭಾವಿಸಬಾರದು. ಚರ್ಚೆಯ ಕಟ್ಟಳೆಯೆಂಬುದು ಸಭಾಪತಿಯ ಮೇಜಿನ ಮೇಲೆ ಧೂಳು ಹಿಡಿಯುವ ಪುಸ್ತಕವಲ್ಲ. ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತ ಹೆಂಗಸೊಬ್ಬಳು ಮುಂದೆ ಹೋಗುವಳೋ ಹಿಂದಿರುಗುವಳೋ ಎಂಬುದು ಕಡೆಗೆ ಆ ಪುಸ್ತಕದಲ್ಲಿಯೇ ನಿಶ್ಚಯವಾಗುತ್ತದೆ.

ಈ ವಿಚಾರ ನಮ್ಮ ತಲೆಗೆ ಹತ್ತಿದುದು ಒಬ್ಬ ವಿದ್ಯಾರ್ಥಿಯಿಂದ. 2021ನೆಯ ಇಸವಿಯ ಜುಲೈ ತಿಂಗಳ ಮೊದಲಲ್ಲಿ ಕೇರಳದಿಂದ ಕರ್ನಾಟಕಕ್ಕೆ ಬರುವವರು ಕೋವಿಡ್ ಪರೀಕ್ಷೆಯ ವರದಿಯನ್ನಾಗಲಿ, ಒಂದು ಸಲವಾದರೂ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವನ್ನಾಗಲಿ ತೋರಿಸಿದರೆ ಸಾಕೆಂದು ಸರ್ಕಾರದ ಸುತ್ತೋಲೆ ಹೊರಟಿತು. ಕಾಸರಗೋಡು ಸೀಮೆಯ ಕನ್ನಡ ಹುಡುಗನೊಬ್ಬ, ನಮ್ಮಲ್ಲಿ ಓದುತ್ತಿದ್ದವನು, ಲಸಿಕೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಧೈರ್ಯವಾಗಿ ಊರಿಗೆ ಹೋದನು. ತಿಂಗಳು ಮುಗಿಯುವ ದಿನ, ಜುಲೈ 31ರಂದು, ಇನ್ನೊಂದು ಸುತ್ತೋಲೆ ಬಂದಿತು: ಲಸಿಕೆ ಹಾಕಿಸಿಕೊಂಡಿರಲಿ ಬಿಡಲಿ, 72 ಗಂಟೆಗಳೊಳಗಿನ ಪರೀಕ್ಷೆಯ ವರದಿ ಬೇಕೇ ಬೇಕು. ಆ ಹುಡುಗ ಗಡಿಯಿಂದ ಹಿಂದಿರುಗಿ, ಪರೀಕ್ಷೆ ಮಾಡಿಸಿ, ವರದಿಗಾಗಿ ಕಾದು, ಮೂರು ದಿನ ತಡವಾಗಿ ಮಂಡ್ಯಕ್ಕೆ ಬಂದನು. ನಷ್ಟ ದೊಡ್ಡದೆಂದು ಹೇಳಲಾರೆವು; ಆ ದಿನಗಳಲ್ಲಿ ಪ್ರಾಣವನ್ನೇ ಕಳೆದುಕೊಂಡವರಿದ್ದರು. ಸೋಂಕು ಏರುತ್ತಿದ್ದಾಗ ಸರ್ಕಾರದವರು ಎಚ್ಚರಿಕೆ ವಹಿಸಿದುದು ತಪ್ಪೆಂದೂ ನಾವು ಹೇಳುವುದಿಲ್ಲ. ಆದರೆ ಹುಡುಗ ತರಗತಿಯಲ್ಲಿ ಎದ್ದು ನಿಂತು ಕೇಳಿದ ಪ್ರಶ್ನೆ ದೊಡ್ಡದು: "ಸ್ವಾಮಿ, ಒಂದೇ ತಿಂಗಳಲ್ಲಿ ಈ ನಿಯಮ ಎರಡು ಬಗೆಯಾಯಿತು. ಇದರ ಚರ್ಚೆ ಎಲ್ಲಿ ನಡೆಯಿತು?"

ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತಿರುವ ನಾವು ಆ ಹೊತ್ತು ಸುಮ್ಮನೆ ನಿಂತೆವು. ಚರ್ಚೆ ಎಲ್ಲಿಯೂ ನಡೆದಿರಲಿಲ್ಲ. ಶಾಸನಸಭೆ ಆಗ ಸೇರಿರಲೂ ಇಲ್ಲ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದರೆ ಒಂದು ನೂರು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ರೈಲುದಾರಿಯನ್ನು ಹಿಡಿದು ಅದು ಊರಿಂದೂರಿಗೆ ಸಾಗಿ, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನೂ ಬಳಿಕ ಮೈಸೂರನ್ನೂ ಮುಟ್ಟಿತು. ಈ ಎರಡು ಊರುಗಳ ನಡುವೆ ಇರುವ ನಮ್ಮ ಸೀಮೆ ಅದರ ದಾರಿಯಲ್ಲಿಯೇ ಬಿದ್ದಿತ್ತು. ನಮ್ಮ ಅಜ್ಜಿಯವರು ತಮ್ಮ ಅತ್ತೆಯವರಿಂದ ಕೇಳಿದ್ದ ಮಾತನ್ನು ನಮಗೆ ಹೇಳುತ್ತಿದ್ದರು: ಅಟ್ಟದಿಂದ ಇಲಿ ಬಿದ್ದಿತೆಂದರೆ ಮನೆಗೆ ಬೀಗ ಹಾಕಿ, ಬೀಸುವ ಕಲ್ಲನ್ನೂ ದೇವರ ಪೆಟ್ಟಿಗೆಯನ್ನೂ ಗಾಡಿಗೇರಿಸಿ, ಹೊಲದಲ್ಲಿ ಸೋಗೆಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಬೆಂಗಳೂರಿನಲ್ಲಿ ಪ್ಲೇಗಮ್ಮನೆಂಬ ದೇವತೆಗೇ ಗುಡಿಗಳಾದವು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದಕ್ಕೂ ಆ ರೋಗದ ಭಯವೇ ಒಂದು ಮುಖ್ಯ ಕಾರಣ.

ಆ ರೋಗವನ್ನು ತಡೆಯುವುದಕ್ಕಾಗಿ ಕಲ್ಕತ್ತೆಯಲ್ಲಿ ಒಂದು ಕಾಯಿದೆಯಾಯಿತು. ಅದರ ಹೆಸರು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಅದರಲ್ಲಿ ಇದ್ದುದು ನಾಲ್ಕೇ ಪ್ರಕರಣಗಳು. ರೈಲಿನಲ್ಲಾಗಲಿ ಬೇರೆ ಬಗೆಯಲ್ಲಾಗಲಿ ಪ್ರಯಾಣಮಾಡುವವರನ್ನು ತಪಾಸಣೆಮಾಡಬಹುದು, ರೋಗದ ಸಂಶಯವುಳ್ಳವರನ್ನು ಬೇರೆಯಿಡಬಹುದು ಎಂದು ಅದು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಅದರಂತೆ ನಡೆದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಕೂಡದೆಂದು ಕಡೆಯ ಪ್ರಕರಣ ಹೇಳಿತು. ಜಾನ್ ವುಡ್‌ಬರ್ನ್ ಎಂಬುವರು ಈ ಮಸೂದೆಯನ್ನು ಸಭೆಯ ಮುಂದಿಟ್ಟುದು 1897ರ ಜನವರಿ 28ರಂದು. ಜೇಮ್ಸ್ ವೆಸ್ಟ್‌ಲೆಂಡ್ ಅವರ ನೇತೃತ್ವದ ಪರಿಶೀಲನಾ ಸಮಿತಿ ಫೆಬ್ರವರಿ 4ರಂದು ವರದಿಯನ್ನೊಪ್ಪಿಸಿತು. ಅದೇ ದಿನ ಮಸೂದೆ ಅಂಗೀಕೃತವಾಯಿತು. ಮೊದಲಿಂದ ಕಡೆಯವರೆಗೆ ಏಳು ದಿನ.

ಇದರ ಪಕ್ಕದಲ್ಲಿ ಇಂಗ್ಲೆಂಡಿನ ಒಂದು ಸಂಗತಿಯನ್ನು ಇಟ್ಟು ನೋಡೋಣ. ಅಲ್ಲಿ ಮಕ್ಕಳಿಗೆ ಸಿಡುಬಿನ ದೇವಿ ಹಾಕಿಸುವುದು 1853ರಿಂದ ಕಡ್ಡಾಯವಾಗಿತ್ತು. ಜನರಲ್ಲಿ ಅಸಮಾಧಾನ ಬೆಳೆಯಿತು. ಆಗ ರಾಜಕೀಯ ಆಯೋಗವೊಂದು ನೇಮಕವಾಗಿ 1889ರಿಂದ 1896ರವರೆಗೆ ಸಾಕ್ಷ್ಯವನ್ನು ಕೇಳಿತು. ಅದರ ಫಲವಾಗಿ 1898ರ ಕಾಯಿದೆಯಲ್ಲಿ, ಮನಸ್ಸಾಕ್ಷಿಯಿಂದ ಒಪ್ಪಲಾರದ ತಂದೆ ಮ್ಯಾಜಿಸ್ಟ್ರೇಟರಿಗೆ ಅದನ್ನು ಮನವರಿಕೆಮಾಡಿಕೊಟ್ಟರೆ ವಿನಾಯಿತಿಯುಂಟೆಂಬ ಷರತ್ತು ಸೇರಿತು. ಒಂದೇ ಸಾಮ್ರಾಜ್ಯ, ಒಂದೇ ದಶಕ. ಅಲ್ಲಿ ಜನರ ಮೈಮೇಲಣ ಸೂಜಿಯ ವಿಷಯದಲ್ಲಿ ಕೇಳಿಕೆ ನಡೆದುದು ಏಳು ವರ್ಷ. ಇಲ್ಲಿ ಜನರ ಮನೆ, ಮೈ, ದಾರಿ ಮೂರರ ವಿಷಯದಲ್ಲಿ ಚರ್ಚೆ ನಡೆದುದು ಏಳು ದಿನ.

ನ್ಯಾಯವಾಗಿ ಹೇಳಬೇಕಾದರೆ ಈ ಹೋಲಿಕೆಗೆ ಒಂದು ತಿದ್ದುಪಡಿ ಬೇಕು. ಸಿಡುಬು ಇಂಗ್ಲೆಂಡಿನಲ್ಲಿ ಹಳೆಯ ನೆಂಟ. ಪ್ಲೇಗು ಇಲ್ಲಿ ಬಾಗಿಲು ಮುರಿದು ಬಂದ ಕಳ್ಳ. ಕಳ್ಳ ಬಂದಾಗ ಏಳು ವರ್ಷ ಸಾಕ್ಷ್ಯ ಕೇಳುವುದಕ್ಕಾಗುವುದಿಲ್ಲ. ಆದುದರಿಂದ ಏಳು ದಿನವೇ ದೋಷವೆಂದು ನಾವು ಹೇಳಲಾರೆವು. ದೋಷವಿದ್ದುದು ಬೇರೆ ಕಡೆ. ಏಳು ದಿನದಲ್ಲಿ ಆದ ಆ ಕಾಯಿದೆಗೆ ಕೊನೆಯ ದಿನವನ್ನು ಯಾರೂ ಬರೆಯಲಿಲ್ಲ. ತುರ್ತಿಗಾಗಿ ಹುಟ್ಟಿದ ಅದು 2020ರಲ್ಲಿಯೂ, ಎಂದರೆ 123 ವರ್ಷಗಳ ಮೇಲೆ, ನಮ್ಮ ದೇಶದಲ್ಲಿ ಪ್ರಯೋಗವಾಗುತ್ತಿತ್ತು. ಅವಸರದಲ್ಲಿ ಕಟ್ಟಿದ ಗುಡಿಸಲಿನಲ್ಲಿ ಮೊಮ್ಮಕ್ಕಳ ಮಕ್ಕಳೂ ವಾಸಮಾಡಿದಂತಾಯಿತು.

ಪ್ಲೇಗಿನ ಕಟ್ಟಳೆಗಳು ನಮ್ಮ ಸೀಮೆಯಲ್ಲಿ ಹೇಗೆ ನಡೆದುವು? ರೈಲು ನಿಲ್ದಾಣಗಳಲ್ಲಿ ತಪಾಸಣೆ, ರೋಗವಿದ್ದ ಊರಿನಿಂದ ಬಂದವರ ಮೇಲೆ ಕಣ್ಣು, ರೋಗಿಗಳನ್ನು ಮನೆಯಿಂದ ಬೇರೆಮಾಡುವುದು, ಮನೆಗಳನ್ನು ತೆರವುಮಾಡಿಸುವುದು, ಇವೆಲ್ಲ ನಡೆದುವು. ಹೆಂಗಸರ ನಾಡಿಯನ್ನು ಅಪರಿಚಿತ ಗಂಡಸು ಮುಟ್ಟುವುದು, ಹೆಣದ ಸಂಸ್ಕಾರಕ್ಕೆ ಸರ್ಕಾರದ ಅನುಮತಿ ಬೇಕಾಗುವುದು, ಇವು ಜನರಿಗೆ ರೋಗಕ್ಕಿಂತಲೂ ಕಠೋರವಾಗಿ ಕಂಡುವು. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, ಇಂದಿನ ನಮ್ಮ ಮಂಡ್ಯ ಜಿಲ್ಲೆಯ ನೆಲದಲ್ಲಿಯೇ, ಆ ಅಸಮಾಧಾನ ಗಲಭೆಯಾಗಿ ಸಿಡಿದು ಗುಂಡು ಹಾರಿತು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಮನಸ್ಸಾಕ್ಷಿಯ ಷರತ್ತು ಸೇರಿದ ವರ್ಷವೇ ಗಂಜಾಮಿನಲ್ಲಿ ಗುಂಡು ಹಾರಿತೆಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ. ಮಾತನಾಡುವುದಕ್ಕೆ ಸಭೆಯಲ್ಲಿ ಸ್ಥಳವಿದ್ದೆಡೆಯಲ್ಲಿ ವಿರೋಧ ತಿದ್ದುಪಡಿಯಾಗುತ್ತದೆ. ಸ್ಥಳವಿಲ್ಲದೆಡೆಯಲ್ಲಿ ಬೀದಿಯ ಕಲ್ಲಾಗುತ್ತದೆ. ಇದೇ ನಾವು ಗಂಜಾಮಿನಿಂದ ಕಲಿಯಬೇಕಾದ ಪಾಠ.

ಚುಚ್ಚುಮದ್ದಿನ ಚೀಟಿಯೂ ಆ ಕಾಲದಲ್ಲಿಯೇ ಹುಟ್ಟಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಹಾಕಿಸಿಕೊಂಡವರಿಗೆ ಪ್ರಮಾಣಪತ್ರವನ್ನು ಕೊಟ್ಟು, ಪ್ರಯಾಣದ ಕೆಲವು ತೊಡಕುಗಳಿಂದ ಬಿಡುಗಡೆ ಕೊಡುವ ಪದ್ಧತಿ ಬಂದಿತು. ಬಲಾತ್ಕಾರವಿಲ್ಲದೆ ಜನರನ್ನು ಒಲಿಸಿಕೊಳ್ಳುವ ಉಪಾಯವದು. ಆದರೂ ಅದರಲ್ಲಿ ಒಂದು ಸೂಕ್ಷ್ಮವುಂಟು. ಬಿಡುಗಡೆಯೆಂದು ಕೊಟ್ಟುದು ಕ್ರಮೇಣ ಷರತ್ತಾಗುತ್ತದೆ. "ಹಾಕಿಸಿಕೊಂಡರೆ ಬೇಗ ಹೋಗಬಹುದು" ಎಂಬ ಮಾತು "ಹಾಕಿಸಿಕೊಳ್ಳದಿದ್ದರೆ ಹೋಗಕೂಡದು" ಎಂದು ತಿರುಗುವುದಕ್ಕೆ ಹೆಚ್ಚು ದಿನ ಬೇಕಾಗಿಲ್ಲ. ಈ ತಿರುವು ಎಲ್ಲಿ ಆಗುತ್ತದೆಯೋ ಅಲ್ಲಿಯೇ ಶಾಸನಸಭೆ ಎಚ್ಚತ್ತಿರಬೇಕು.

ನಾವು ಚುಚ್ಚುಮದ್ದಿನ ವಿರೋಧಿಗಳೆಂದು ಯಾರೂ ತಿಳಿಯಬಾರದು. ಈ ಸಂಸ್ಥಾನದ ಅರಮನೆಯವರು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿಯೇ ದೇವಿ ಹಾಕಿಸಿಕೊಳ್ಳುವುದಕ್ಕೆ ಪ್ರೋತ್ಸಾಹ ಕೊಟ್ಟರೆಂದೂ, ಆ ಕಾಲದಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಮೈಸೂರಿನ ರಾಣಿಯರ ಚಿತ್ರದಲ್ಲಿ ಅದರ ಗುರುತನ್ನು ಕೆಲವು ಚರಿತ್ರಕಾರರು ಕಂಡಿರುವರೆಂದೂ ಬಲ್ಲವರು ಬಲ್ಲರು. ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರ ಮೇ 8ರಂದು ಸಾರಿತು. ಈ ಮಹೋಪಕಾರವನ್ನು ಮಾಡಿದುದು ಸೂಜಿಯೇ. ಆದರೆ ಮದ್ದು ಒಳ್ಳೆಯದೆಂಬುದರಿಂದ ಅದನ್ನು ಕುರಿತ ಕಾಯಿದೆಯೂ ಒಳ್ಳೆಯದೆಂದು ಆಗುವುದಿಲ್ಲ. ಅಡಿಗೆ ರುಚಿಯಾಗಿದ್ದರೂ ಬಡಿಸುವವನು ಪಂಕ್ತಿಭೇದ ಮಾಡಬಹುದಷ್ಟೆ.

ಈಗ ಸಭೆಯ ಕಟ್ಟಳೆಗಳ ಕಡೆಗೆ ಬರೋಣ. ಮೈಸೂರಿನಲ್ಲಿ ರಂಗಾಚಾರ್ಲು ಅವರ ದಿವಾನಗಿರಿಯಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದುದು 1881ರ ಅಕ್ಟೋಬರ್ 7ರಂದು. ಅದು ಕೇಳಬಹುದಾಗಿತ್ತು, ಹೇಳಿಕೊಳ್ಳಬಹುದಾಗಿತ್ತು. ಕಾಯಿದೆಯನ್ನು ತಿದ್ದುವ ಅಧಿಕಾರ ಅದಕ್ಕಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಆಗ ದಿವಾನರಾಗಿದ್ದವರು ವಿ. ಪಿ. ಮಾಧವರಾಯರು, ಹಿಂದೆ ಪ್ಲೇಗ್ ಕಮೀಷನರಾಗಿ ಕೆಲಸಮಾಡಿದ್ದವರು ಅವರೇ. ಆಮೇಲೆ ಬ್ರಜೇಂದ್ರನಾಥ ಶೀಲರ ಸಮಿತಿಯ ಸಲಹೆಯನ್ನು ಅನುಸರಿಸಿ 1923ರಲ್ಲಿ ಎರಡು ಸಭೆಗಳಿಗೂ ಹೊಸ ರೂಪ ಬಂದಿತು. ಅಂದಿನ ಒಂದು ಏರ್ಪಾಡು ಇಂದಿಗೂ ಮೆಚ್ಚತಕ್ಕದ್ದಾಗಿದೆ. ತುರ್ತಿನ ಸಂದರ್ಭವನ್ನು ಬಿಟ್ಟರೆ, ಯಾವ ಮಸೂದೆಯೇ ಆಗಲಿ ನ್ಯಾಯವಿಧಾಯಕ ಸಭೆಗೆ ಬರುವ ಮುನ್ನ ಅದರ ಮೂಲತತ್ತ್ವವನ್ನು ಕುರಿತು ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳಬೇಕಾಗಿತ್ತು. "ಇದು ಬೇಕೆ?" ಎಂಬ ಪ್ರಶ್ನೆ ಒಂದು ಕಡೆ, "ಇದು ಹೇಗಿರಬೇಕು?" ಎಂಬ ಪ್ರಶ್ನೆ ಇನ್ನೊಂದು ಕಡೆ. ಎರಡನ್ನೂ ಒಂದೇ ಗಂಟೆಯಲ್ಲಿ ಕಲಸಿದರೆ ಎರಡೂ ಕೆಡುತ್ತವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದರೆ "ತುರ್ತಿನ ಸಂದರ್ಭವನ್ನು ಬಿಟ್ಟರೆ" ಎಂಬ ಮಾತನ್ನೂ ಶ್ರೋತೃಗಳು ಗಮನಿಸಬೇಕು. ರೋಗದ ವಿಷಯದಲ್ಲಿ ಯಾವುದು ತುರ್ತಲ್ಲ? ಬೇಲಿಯಲ್ಲಿ ಬಿಟ್ಟ ಆ ಕಂಡಿಯಿಂದಲೇ ದನವೆಲ್ಲ ಒಳಗೆ ಬರುವುದು.

ಇಂದು ವಿಧಾನಸೌಧದಲ್ಲಿ ನಡೆಯುವ ಕ್ರಮವೂ ತತ್ತ್ವದಲ್ಲಿ ಇಂತಹುದೇ. ಸಂವಿಧಾನದ 208ನೆಯ ಅನುಚ್ಛೇದದಂತೆ ಪ್ರತಿಯೊಂದು ಸಭೆಯೂ ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ಮಾಡಿಕೊಳ್ಳುತ್ತದೆ. ಮಸೂದೆಯನ್ನು ಮೊದಲು ಮಂಡಿಸುತ್ತಾರೆ. ಆಮೇಲೆ ಅದನ್ನು ಪರ್ಯಾಲೋಚಿಸಬೇಕೆಂಬ ಸೂಚನೆ ಬರುತ್ತದೆ. ಆಗ ತತ್ತ್ವದ ಚರ್ಚೆ. ಇಷ್ಟವಿದ್ದರೆ ಪರಿಶೀಲನಾ ಸಮಿತಿಗೆ ಕಳುಹಿಸಬಹುದು, ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಹೊರಡಿಸಲೂಬಹುದು. ಬಳಿಕ ಒಂದೊಂದು ಖಂಡವನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ತಿದ್ದುಪಡಿಗಳನ್ನು ವಿಚಾರಿಸುತ್ತಾರೆ. ಕಡೆಯಲ್ಲಿ ಅಂಗೀಕಾರ. ಯಾವ ಮಸೂದೆಗೆ ಎಷ್ಟು ಹೊತ್ತೆಂಬುದನ್ನು ಸಭಾಧ್ಯಕ್ಷರ ನೇತೃತ್ವದ ಕಲಾಪ ಸಲಹಾ ಸಮಿತಿ ಗೊತ್ತುಮಾಡುತ್ತದೆ. ಆ ಸಮಿತಿಯ ಕೊಠಡಿಯಲ್ಲಿ ಗಡಿಯಾರದ ಮುಳ್ಳನ್ನು ಎಲ್ಲಿಡುತ್ತಾರೆಂಬುದರ ಮೇಲೆ ಮಿಕ್ಕ ಮೆಟ್ಟಿಲುಗಳೆಲ್ಲ ಮೆಟ್ಟಿಲುಗಳಾಗಿ ಉಳಿಯುವುವೋ, ಒಂದೇ ನೆಗೆತವಾಗಿ ಮುಗಿಯುವುವೋ ನಿಂತಿರುತ್ತದೆ.

ಖಂಡಖಂಡವಾಗಿ ನೋಡುವುದರ ಬೆಲೆಯೇನು? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಲಸಿಕೆಯ ಪ್ರಮಾಣಪತ್ರವಿಲ್ಲದವನು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗಕೂಡದೆಂದು ಒಂದು ಮಸೂದೆ ಬಂದಿತೆನ್ನಿ. ತತ್ತ್ವವನ್ನು ಎಲ್ಲರೂ ಒಪ್ಪಬಹುದು. ಆದರೆ ಮಳವಳ್ಳಿಯ ಸದಸ್ಯರು ಏಳುತ್ತಾರೆ: "ನಮ್ಮ ಕಡೆಯ ಬಸುರಿ ಹೆಂಗಸು ಹೆರಿಗೆಗಾಗಿ ಮಂಡ್ಯದ ಆಸ್ಪತ್ರೆಗೆ ಬರಬೇಕು; ಅವಳ ಕೈಯಲ್ಲಿ ಚೀಟಿಯಿಲ್ಲದಿದ್ದರೆ?" ಮದ್ದೂರಿನ ಸದಸ್ಯರು ಕೇಳುತ್ತಾರೆ: "ಎಳನೀರಿನ ಲಾರಿಯ ಕ್ಲೀನರು ದಿನವೂ ಗಡಿ ದಾಟುತ್ತಾನೆ, ಅವನನ್ನು ದಿನವೂ ನಿಲ್ಲಿಸಬೇಕೆ?" ಮಂಡ್ಯದ ಸದಸ್ಯರು ಕೇಳುತ್ತಾರೆ: "ಹೊರಜಿಲ್ಲೆಯಿಂದ ಕಬ್ಬು ಕಡಿಯುವುದಕ್ಕೆ ಬಂದವರಿಗೆ ಎರಡನೆಯ ಸೂಜಿ ದೊರೆಯದಿದ್ದುದು ಅವರ ತಪ್ಪೇ? ಚೀಟಿಯನ್ನು ಮೊಬೈಲಿನಲ್ಲಿ ತೋರಿಸಲಾರದವನ ಗತಿಯೇನು?" ಈ ಒಂದೊಂದು ಪ್ರಶ್ನೆಯೂ ಒಂದೊಂದು ತಿದ್ದುಪಡಿ. ಒಂದೊಂದು ತಿದ್ದುಪಡಿಯ ಹಿಂದೆಯೂ ಒಂದೊಂದು ಮುಖ. ತಿದ್ದುಪಡಿಗೆ ಅವಕಾಶವಿಲ್ಲವೆಂದರೆ ಆ ಮುಖಗಳು ಸಭೆಗೆ ಕಾಣುವುದೇ ಇಲ್ಲ. ವೈದ್ಯಶಾಸ್ತ್ರವನ್ನು ಬಲ್ಲವರು ಬೆಂಗಳೂರಿನಲ್ಲಿರಬಹುದು. ಮಳವಳ್ಳಿಯಿಂದ ಮಂಡ್ಯಕ್ಕೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡುವುದೆಂದು ಬಲ್ಲವನು ಮಳವಳ್ಳಿಯ ಸದಸ್ಯನೇ.

ಇನ್ನು ನಡೆದುದನ್ನು ನೋಡೋಣ. 2020ರ ಏಪ್ರಿಲ್ 22ರಂದು ಕೇಂದ್ರದಲ್ಲಿ 1897ರ ಕಾಯಿದೆಯನ್ನು ತಿದ್ದುವ ಸುಗ್ರೀವಾಜ್ಞೆ ಹೊರಟಿತು. ನಮ್ಮ ರಾಜ್ಯದಲ್ಲಿಯೂ ಅದೇ ತಿಂಗಳು ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆಯಾಯಿತು. ವಿಮಾನ, ರೈಲು, ರಸ್ತೆಗಳಿಂದ ಬರುವವರನ್ನು ತಪಾಸಣೆಮಾಡುವ, ರಾಜ್ಯದ ಗಡಿಯನ್ನು ಮುಚ್ಚುವ, ವಾಹನಸಂಚಾರವನ್ನು ನಿರ್ಬಂಧಿಸುವ ಅಧಿಕಾರಗಳು ಅದರಲ್ಲಿದ್ದುವು. ಕೇಂದ್ರದ ಮಸೂದೆಯನ್ನು ರಾಜ್ಯಸಭೆ ಸೆಪ್ಟೆಂಬರ್ 19ರಂದೂ ಲೋಕಸಭೆ 21ರಂದೂ ಅಂಗೀಕರಿಸಿದುವು. ಆ ಅಧಿವೇಶನದಲ್ಲಿ ಪ್ರಶ್ನೋತ್ತರದ ವೇಳೆಯೇ ಇರಲಿಲ್ಲ. ಅದೇ ತಿಂಗಳು ಸೇರಿದ ನಮ್ಮ ಶಾಸನಸಭೆಯ ಅಧಿವೇಶನವೂ ಸೋಂಕಿನ ಭಯದಿಂದ ಮೊಟಕಾಯಿತು. ಸದಸ್ಯರೇ ಕಾಯಿಲೆ ಬೀಳುತ್ತಿದ್ದ ಕಾಲ; ಯಾರನ್ನೂ ದೂರುವುದಕ್ಕೆ ನಾವು ಹೊರಟಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ: ರೋಗವನ್ನು ಕುರಿತ ಕಾಯಿದೆಗೆ ಚರ್ಚೆ ಅತ್ಯಂತ ಅವಶ್ಯವಾದ ಹೊತ್ತಿನಲ್ಲಿಯೇ ಚರ್ಚೆಗೆ ಹೊತ್ತು ಅತ್ಯಂತ ಕಡಮೆಯಾಗಿರುತ್ತದೆ. ಇದು ವ್ಯಕ್ತಿಗಳ ದೋಷವಲ್ಲ, ಈ ಬಗೆಯ ಕಾಯಿದೆಗಳ ಸ್ವಭಾವವೇ ಹಾಗೆ. ಸ್ವಭಾವದ ದೋಷಕ್ಕೆ ಮುಂಚಿತವಾಗಿಯೇ ಕಟ್ಟಳೆಯನ್ನು ಮಾಡಿಡಬೇಕು. ನೆರೆ ಬಂದ ಮೇಲೆ ಕಟ್ಟೆ ಹಾಕುವುದಕ್ಕಾಗುವುದಿಲ್ಲವೆಂಬುದನ್ನು ಕಾವೇರಿಯ ದಡದ ನಮಗೆ ಬೇರೆ ಹೇಳಬೇಕಾಗಿಲ್ಲ.

ಹೊರದೇಶದ ಒಂದು ನಿದರ್ಶನವನ್ನು ನೋಡಬಹುದು. ಅಮೆರಿಕಾ ದೇಶಕ್ಕೆ ವಿಮಾನದಲ್ಲಿ ಬರುವ ಪರದೇಶೀಯರು ಕೋವಿಡ್ ಲಸಿಕೆ ಹಾಕಿಸಿಕೊಂಡಿರಲೇಬೇಕೆಂಬ ಕಟ್ಟಳೆ 2021ರ ನವೆಂಬರಿನಿಂದ ಜಾರಿಯಲ್ಲಿತ್ತು. ನಮ್ಮ ಕಡೆಯಿಂದ ಮಕ್ಕಳ ಮನೆಗೆ ಹೊರಟ ಎಷ್ಟೋ ತಂದೆತಾಯಿಗಳು ಅದರ ಪರಿಚಯ ಮಾಡಿಕೊಂಡಿದ್ದಾರೆ. ಅದನ್ನು ತೆಗೆದುಹಾಕಬೇಕೆಂಬ ಮಸೂದೆ 2023ರ ಫೆಬ್ರವರಿಯಲ್ಲಿ ಅಲ್ಲಿಯ ಪ್ರತಿನಿಧಿ ಸಭೆಯ ಮುಂದೆ ಬಂದಿತು. ಆ ಸಭೆಯಲ್ಲಿ ಒಂದು ವಿಚಿತ್ರವಾದ ಪದ್ಧತಿಯುಂಟು. ಮುಖ್ಯವಾದ ಮಸೂದೆಯನ್ನು ಚರ್ಚಿಸುವುದಕ್ಕೆ ಮುಂಚೆ, ಅದನ್ನು ಹೇಗೆ ಚರ್ಚಿಸಬೇಕೆಂಬ ಬಗ್ಗೆಯೇ ಒಂದು ನಿರ್ಣಯವಾಗಬೇಕು. ಆ ನಿರ್ಣಯವನ್ನು ಸಿದ್ಧಪಡಿಸುವುದು 13 ಜನರ ನಿಯಮ ಸಮಿತಿ. ಅದರಲ್ಲಿ 9 ಜನ ಬಹುಮತದ ಪಕ್ಷದವರು, 4 ಜನ ಎದುರು ಪಕ್ಷದವರು. ಚರ್ಚೆಗೆ ಎಷ್ಟು ಹೊತ್ತು, ತಿದ್ದುಪಡಿಗಳಿಗೆ ಬಾಗಿಲು ತೆರೆದಿದೆಯೆ, ಅರೆತೆರೆದಿದೆಯೆ, ಮುಚ್ಚಿದೆಯೆ ಎಂಬುದನ್ನೆಲ್ಲ ಅದು ಹೇಳುತ್ತದೆ. ಸಾಮಾನ್ಯವಾಗಿ ದೊರೆಯುವುದು ಒಂದು ಗಂಟೆ. ಅದನ್ನು ಎರಡು ಪಕ್ಷದವರೂ ಸಮವಾಗಿ ಹಂಚಿಕೊಳ್ಳುತ್ತಾರೆ. ಫೆಬ್ರವರಿ 8ರಂದು 227 ಮತಗಳು ಪರವಾಗಿಯೂ 201 ವಿರೋಧವಾಗಿಯೂ ಬಿದ್ದು ಆ ಮಸೂದೆ ಪ್ರತಿನಿಧಿ ಸಭೆಯಲ್ಲಿ ಅಂಗೀಕೃತವಾಯಿತು. ಆದರೆ ಅದು ಕಾಯಿದೆಯಾಗಲಿಲ್ಲ. ಕಟ್ಟಳೆ ಮುಗಿದುದು ಅದೇ ವರ್ಷದ ಮೇ ತಿಂಗಳಲ್ಲಿ ಅಧ್ಯಕ್ಷರ ನಿರ್ಧಾರದಿಂದ.

ಈ ಪದ್ಧತಿಯಲ್ಲಿ ದೋಷವೂ ಇದೆ, ಗುಣವೂ ಇದೆ. ಬಹುಮತದವರು ಬಾಗಿಲನ್ನು ಮುಚ್ಚಬಹುದೆಂಬುದು ದೋಷ. ಮುಚ್ಚುವುದಾದರೆ ಎಲ್ಲರ ಕಣ್ಣೆದುರಿನಲ್ಲಿ, ಮತ ಹಾಕಿ, ಹೆಸರು ಬರೆಯಿಸಿಕೊಂಡು ಮುಚ್ಚಬೇಕೆಂಬುದು ಗುಣ. "ಇಂತಹ ದೊಡ್ಡ ವಿಷಯಕ್ಕೆ ಒಂದೇ ಗಂಟೆ ಸಾಕೆಂದು ನೀನು ಒಪ್ಪಿದೆಯಾ?" ಎಂದು ಮತದಾರ ತನ್ನ ಪ್ರತಿನಿಧಿಯನ್ನು ಕೇಳುವುದಕ್ಕೆ ಅಲ್ಲಿ ಆಧಾರವುಂಟು. ನಮ್ಮಲ್ಲಿ ಹೊತ್ತಿನ ಗೊತ್ತುಪಾಡು ಬಹುಮಟ್ಟಿಗೆ ಕೊಠಡಿಯೊಳಗೆ ಆಗುವುದರಿಂದ ಹಾಗೆ ಕೇಳುವುದು ಸುಲಭವಲ್ಲ.

ಎಲ್ಲ ಚೀಟಿಯೂ ಜಗಳಕ್ಕೆ ಕಾರಣವೆಂದು ತಿಳಿಯಬೇಡಿ. ಹಳದಿ ಜ್ವರವಿರುವ ದೇಶಗಳಿಂದ ಭಾರತಕ್ಕೆ ಬರುವವನು ಅದರ ಲಸಿಕೆಯ ಪ್ರಮಾಣಪತ್ರವನ್ನು ತೋರಿಸಬೇಕು; ಇಲ್ಲದಿದ್ದರೆ 6 ದಿನಗಳವರೆಗೆ ಅವನನ್ನು ಬೇರೆಯಿಡಬಹುದು. ಲಸಿಕೆ ಹಾಕಿಸಿದ 10 ದಿನಗಳ ಮೇಲೆ ಆ ಪತ್ರಕ್ಕೆ ಬೆಲೆ ಬರುತ್ತದೆ. 2016ರಿಂದ ಅದು ಆಜೀವ ಪರ್ಯಂತ ಸಲ್ಲುತ್ತದೆ. ಇದಕ್ಕೆ ಯಾರೂ ಬೀದಿಗಿಳಿದಿಲ್ಲ. ಏಕೆ? ಕಾರಣ ಗೊತ್ತಿದೆ, ಅವಧಿ ಗೊತ್ತಿದೆ, ಚೀಟಿಯಿಲ್ಲದವನ ಗತಿಯೇನೆಂಬುದೂ ಗೊತ್ತಿದೆ, ಮತ್ತು ಹೊರಡುವವನು ಮನೆಯಲ್ಲಿರುವಾಗಲೇ ಇದೆಲ್ಲವೂ ಗೊತ್ತಿದೆ. ನಮ್ಮ ಕಾಸರಗೋಡಿನ ಹುಡುಗನಿಗೆ ಇಲ್ಲದೆ ಹೋದುದು ಈ ಕಡೆಯದು.

ನ್ಯಾಯಾಲಯವೂ ಈ ವಿಷಯದಲ್ಲಿ ಮಾತನಾಡಿದೆ. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಯಾರಿಗೂ ಬಲಾತ್ಕಾರವಾಗಿ ಲಸಿಕೆ ಹಾಕುವಂತಿಲ್ಲವೆಂದೂ, ಸಮಾಜದ ಆರೋಗ್ಯಕ್ಕಾಗಿ ನಿರ್ಬಂಧಗಳನ್ನು ವಿಧಿಸಬಹುದಾದರೂ ಅವು ಅಪಾಯಕ್ಕೆ ತಕ್ಕಷ್ಟೇ ಇರಬೇಕೆಂದೂ ತೀರ್ಪುಕೊಟ್ಟಿತು. "ತಕ್ಕಷ್ಟು" ಎಂಬುದನ್ನು ಅಳೆಯುವ ಕೆಲಸ ನ್ಯಾಯಾಧೀಶರಿಗೆ ಕಡೆಯಲ್ಲಿ ಬರಬೇಕಾದುದು. ಮೊದಲು ಅಳೆಯಬೇಕಾದವರು ನಾವು ಆರಿಸಿ ಕಳುಹಿಸಿದವರು. ನಮ್ಮ ಮಂಡ್ಯ ಜಿಲ್ಲೆಯಿಂದಲೇ 7 ಜನ ವಿಧಾನಸಭೆಗೆ ಹೋಗುತ್ತಾರೆ.

ಹಾಗಾದರೆ ಆಗಬೇಕಾದುದೇನು? ಸಭೆಯ ಹೊರಗೆ ನಿಂತ ಸಾಮಾನ್ಯ ಜನರಾದ ನಮಗೆ ನಾಲ್ಕು ವಿಷಯಗಳು ತೋರುತ್ತವೆ. ಮೊದಲನೆಯದು, ರೋಗದ ಕಾಲದಲ್ಲಿ ಮಾಡಿದ ಸಂಚಾರದ ಕಾಯಿದೆಗೆ ಕೊನೆಯ ದಿನವನ್ನು ಅದರಲ್ಲಿಯೇ ಬರೆದಿರಬೇಕು. ಬೇಕಾದರೆ ಸಭೆ ಮತ್ತೆ ಕೂಡಿ ಮುಂದುವರಿಸಲಿ. ಚರ್ಚೆ ಮೊದಲು ಮೊಟಕಾದಷ್ಟೂ ಆಯುಸ್ಸು ಮೊಟಕಾಗಿರುವುದು ನ್ಯಾಯ. ಎರಡನೆಯದು, ಹೊತ್ತಿಲ್ಲವೆಂದು ಮಿಕ್ಕ ಖಂಡಗಳ ಚರ್ಚೆಯನ್ನು ಕಡಿದರೂ ವಿನಾಯಿತಿಯ ಖಂಡಕ್ಕೆ ಮಾತ್ರ ತಿದ್ದುಪಡಿಯ ಬಾಗಿಲನ್ನು ಮುಚ್ಚಬಾರದು. ಬಸುರಿಯೂ ಕೂಲಿಯೂ ಒಳಗೆ ಬರತಕ್ಕ ಬಾಗಿಲು ಅದೊಂದೇ. ಮೂರನೆಯದು, ಕಾಯಿದೆಯ ಕೆಳಗೆ ಹೊರಡುವ ಸುತ್ತೋಲೆಗಳನ್ನೆಲ್ಲ ಸಭೆ ಸೇರಿದ ಮೊದಲ ದಿನವೇ ಮೇಜಿನ ಮೇಲಿಟ್ಟು, ಅವುಗಳ ಮೇಲೆ ಗೊತ್ತಾದ ಹೊತ್ತಿನ ಚರ್ಚೆ ನಡೆಯಬೇಕು. ನಾಲ್ಕನೆಯದು, ಚರ್ಚೆಗೆ ಎಷ್ಟು ಹೊತ್ತು, ಏಕೆ ಅಷ್ಟೇ ಹೊತ್ತು ಎಂಬುದನ್ನು ಸಭೆಯಲ್ಲಿಯೇ ಬಾಯಿಬಿಟ್ಟು ಹೇಳಬೇಕು.

"ರೋಗ ಕಾಯುತ್ತದೆಯೇ?" ಎಂದು ಕೇಳುವವರುಂಟು. ಕಾಯುವುದಿಲ್ಲ. ಆದುದರಿಂದಲೇ ನಾವು ಮೊದಲ ದಿನದ ಅಧಿಕಾರವನ್ನು ಸರ್ಕಾರಕ್ಕೆ ಕೊಡುವುದಕ್ಕೆ ಒಪ್ಪುತ್ತೇವೆ. ಬೆಂಕಿ ಬಿದ್ದಾಗ ನೀರೆರೆಯುವವನು ಅಪ್ಪಣೆಗಾಗಿ ನಿಲ್ಲಬೇಕಾಗಿಲ್ಲ. ಆದರೆ ಬೆಂಕಿ ಆರಿದ ಮೇಲೆಯೂ ಅವನು ನಮ್ಮ ಮನೆಯಲ್ಲಿಯೇ ಕೊಡಪಾನ ಹಿಡಿದು ಕುಳಿತಿದ್ದರೆ, "ಏಕಯ್ಯ?" ಎಂದು ಕೇಳುವ ಹಕ್ಕು ಮನೆಯವರಿಗೆ ಬೇಡವೆ? ಇದರ ಜೊತೆಗೆ ಇನ್ನೊಂದು ಪ್ರಯೋಜನವೂ ಉಂಟು. ಬಹಿರಂಗವಾಗಿ ಚರ್ಚಿಸಿ ಮಾಡಿದ ಕಟ್ಟಳೆಯನ್ನು ಜನ ನಂಬುತ್ತಾರೆ. ನಂಬಿದವರು ಸೂಜಿಗೆ ತೋಳನ್ನು ತಾವಾಗಿಯೇ ಚಾಚುತ್ತಾರೆ. ಗಂಜಾಮಿನಲ್ಲಿ ಕೊರತೆಯಾಗಿದ್ದುದು ಮದ್ದಿನದಲ್ಲ, ನಂಬಿಕೆಯದು.

ಆ ಹುಡುಗನಿಗೆ ನಾವು ಅಂದು ಉತ್ತರ ಕೊಡಲಿಲ್ಲವೆಂದು ಹೇಳಿದೆವಷ್ಟೆ. ಮರುವಾರ ಅವನನ್ನು ಕರೆದು, ವಿಧಾನಸಭೆಯ ಕಾರ್ಯವಿಧಾನದ ನಿಯಮಗಳ ಪುಸ್ತಕವನ್ನು ಅವನ ಕೈಗಿತ್ತೆವು. "ಚರ್ಚೆ ಎಲ್ಲಿಯೂ ನಡೆಯಲಿಲ್ಲ, ಮಗು. ನಡೆಯಬೇಕಾಗಿದ್ದುದು ಎಲ್ಲಿ ಎಂಬುದು ಇದರಲ್ಲಿದೆ" ಎಂದೆವು. ಅವನು ಅದನ್ನು ಎರಡು ದಿನ ಇಟ್ಟುಕೊಂಡು ಓದಿ, ಹಿಂದಿರುಗಿಸುವಾಗ ಹೇಳಿದನು: "ಸ್ವಾಮಿ, ಇದರಲ್ಲಿ ಬಾಗಿಲುಗಳೆಲ್ಲ ಇವೆ. ತಟ್ಟುವವರು ಬೇಕು."

ಶ್ರೋತೃಗಳೆ, ಮುಂದಿನ ಸಲ ನಮ್ಮ ಪ್ರತಿನಿಧಿಗಳು ಮದ್ದೂರಿಗೋ ಮಂಡ್ಯಕ್ಕೋ ಮಳವಳ್ಳಿಗೋ ಬಂದಾಗ ರಸ್ತೆ, ನಾಲೆ, ಕಬ್ಬಿನ ಬೆಲೆ, ಇವುಗಳನ್ನು ಕೇಳಿಯೇ ಕೇಳುತ್ತೇವೆ. ಕೇಳಲೂಬೇಕು. ಅದರ ಜೊತೆಗೆ ಇದೊಂದನ್ನೂ ಕೇಳೋಣ: "ನಮ್ಮ ದಾರಿಯನ್ನು ತಡೆಯುವ ಮಸೂದೆ ಬಂದ ದಿನ ತಾವು ಎಷ್ಟು ಹೊತ್ತು ಮಾತನಾಡಿದಿರಿ? ಮಾತನಾಡುವುದಕ್ಕೆ ಎಷ್ಟು ಹೊತ್ತು ಕೊಟ್ಟರು?"